ಮರಳುದಿಣ್ಣೆಯ ಹೊಸ ಗಾಲ್ಫ್ ಮೈದಾನ: ಮೊದಲ ನೋಟಕ್ಕೆ ಕಣ್ಣಿಗಿಂತ ಕಾಲು ಮೇಲು

ತಲಕಾಡಿನ ಗುಡಿಗಳ ನಡುವೆ ನಡೆಯುವಾಗ ಒಂದು ಹೆಜ್ಜೆ ಹಿಮ್ಮಡಿಯವರೆಗೆ ಹೂತುಹೋಗುತ್ತದೆ, ಇನ್ನೊಂದು ಹೆಜ್ಜೆಗೆ ನೆಲ ಸಗಣಿ ಸಾರಿಸಿದ ಕಣದಂತೆ ಗಟ್ಟಿಯಾಗಿ ಸಿಗುತ್ತದೆ. ಎರಡೂ ಕಡೆ ಇರುವುದು ಅದೇ ಕಾವೇರಿಯ ಮರಳು. ಮೊದಲನೆಯದು ಒಣಗಿ ಬಿಡಿಬಿಡಿಯಾಗಿದೆ. ಎರಡನೆಯದರಲ್ಲಿ ಒಂದಿಷ್ಟು ತೇವವಿದೆ, ಬೇರಿನ ಜಾಲವಿದೆ. ಮರಳುದಿಣ್ಣೆಗಳ ನಡುವೆ ಗಾಲ್ಫ್ ಮೈದಾನ ಕಟ್ಟುವ ವಿದ್ಯೆಯ ಮುಕ್ಕಾಲು ಭಾಗ ಈ ಎರಡು ಹೆಜ್ಜೆಗಳ ವ್ಯತ್ಯಾಸದಲ್ಲಿದೆ.

ಇಂಥ ಮೈದಾನ ಹೊಸದಾಗಿ ತೆರೆದಾಗ ಬರುವ ಚಿತ್ರಗಳಲ್ಲಿ ಮಾತ್ರ ದಿಣ್ಣೆಗಳದೇ ದರ್ಬಾರು. ಸಂಜೆ ಬಿಸಿಲು, ಉದ್ದನೆಯ ನೆರಳು, ಹೊಂಬಣ್ಣದ ಹುಲ್ಲು, ಹಿಂದೆ ಸಮುದ್ರ. ಅಮೆರಿಕದ ನೆಬ್ರಾಸ್ಕದಲ್ಲಿ 1995ರಲ್ಲಿ ಸ್ಯಾಂಡ್ ಹಿಲ್ಸ್, 1999ರಲ್ಲಿ ಆರೆಗನ್ ಕರಾವಳಿಯ ಬ್ಯಾಂಡನ್ ಡ್ಯೂನ್ಸ್, 2004ರಲ್ಲಿ ಟಾಸ್ಮೇನಿಯಾದ ಬಾರ್ನ್‌ಬೂಗಲ್ ಡ್ಯೂನ್ಸ್ ಬಂದವು. ಊರಿಂದ ಎಷ್ಟೇ ದೂರವಿರಲಿ, ಮರಳು ಚೆನ್ನಾಗಿದ್ದರೆ ಆಟಗಾರರು ಹುಡುಕಿಕೊಂಡು ಬರುತ್ತಾರೆ ಎಂಬುದು ಇವುಗಳಿಂದ ಖಾತ್ರಿಯಾಯಿತು. ಮೈಸೂರಿನ ರೇಸ್‌ಕೋರ್ಸ್ ಆವರಣದಲ್ಲಿ, ಚಾಮುಂಡಿ ಬೆಟ್ಟ ನೋಡುತ್ತ ಆಡಿ ಬೆಳೆದವರು ಇಂಥ ಕಡೆ ಮೊದಲ ಸಲ ಹೋದಾಗ ಬೆರಗಾಗುವುದು ಸಹಜ. ಆದರೆ ದಿಣ್ಣೆ ಬರೀ ಹಿನ್ನೆಲೆ. ಅಂಕ ಕೊಡಬೇಕಾದದ್ದು ಕಾಲಡಿಯ ಮರಳಿಗೆ, ಅದರ ಮೇಲಿನ ಹುಲ್ಲಿಗೆ, ಎರಡರ ಮೇಲೂ ಬೀಸುವ ಗಾಳಿಗೆ.

ಗದ್ದೆಗೆ ಬೇಕಾದ ಗುಣವೇ ಇಲ್ಲಿ ರೋಗ

ಮಂಡ್ಯದ ಭತ್ತದ ಗದ್ದೆಯಲ್ಲಿ ರೈತ ಕೆಸರು ತುಳಿಸುವುದು ಏಕೆ? ಮಣ್ಣಿನ ರಂಧ್ರಗಳು ಮುಚ್ಚಿ ನೀರು ಕೆಳಗಿಳಿಯದಂತೆ ತಡೆಯಲು. ಗಾಲ್ಫಿಗೆ ಬೇಕಾಗಿರುವುದು ಇದರ ತದ್ವಿರುದ್ಧ. ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ವ್ಯಾಸ ಕಡಿಮೆಯೆಂದರೆ 42.67 ಮಿ.ಮೀ. ಇಷ್ಟು ಹಗುರವಾದದ್ದು ಮೆತ್ತನೆಯ ಒದ್ದೆ ನೆಲಕ್ಕೆ ಬಿದ್ದರೆ ಬಿದ್ದಲ್ಲೇ ಕೂರುತ್ತದೆ. ಬಸಿದು ಗಟ್ಟಿಯಾದ ಮರಳಿನ ಮೇಲೆ ಬಿದ್ದರೆ ಪುಟಿದು ಇಪ್ಪತ್ತು ಮೂವತ್ತು ಮೀಟರ್ ಉರುಳುತ್ತದೆ. ಆ ಉರುಳಾಟದಲ್ಲಿ ನೆಲದ ಪ್ರತಿ ಉಬ್ಬುತಗ್ಗೂ ಆಟಕ್ಕೆ ಸೇರಿಕೊಳ್ಳುತ್ತದೆ. ಮರಳಿನ ಮೈದಾನದ ರುಚಿ ಇರುವುದೇ ಇಲ್ಲಿ.

ಜೇಡಿ ಅಥವಾ ಕೆಂಪು ಗೋಡುಮಣ್ಣಿನ ಊರಿನಲ್ಲಿ ಈ ಗುಣವನ್ನು ದುಡ್ಡು ಕೊಟ್ಟು ತಯಾರಿಸಬೇಕು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಶಿಫಾರಸು ಮಾಡುವ ಗ್ರೀನ್‌ನಲ್ಲಿ (ಚೆಂಡು ಬೀಳಿಸಬೇಕಾದ ಕುಳಿಯಿರುವ, ಹುಲ್ಲು ಬೋಳಿಸಿದ ಜಾಗ) ತಳಕ್ಕೆ ಬಸಿಕೊಳವೆಗಳು, ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು. ಮರಳಿನ ಕಾಳುಗಳಲ್ಲಿ ಕನಿಷ್ಠ ಶೇ 60ರಷ್ಟು 0.25ರಿಂದ 1 ಮಿ.ಮೀ. ಗಾತ್ರದವಾಗಿರಬೇಕು, ಜೇಡಿ ಶೇ 3 ಮೀರಬಾರದು, ಗಂಟೆಗೆ ಕನಿಷ್ಠ 15 ಸೆಂ.ಮೀ. ನೀರು ಇಳಿಯಬೇಕು. ಅಡಿಯಲ್ಲಿ ಜಲ್ಲಿ ಹಾಕುವುದರ ಹಿಂದಿನ ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಹಗ್ಗದ ಮೇಲೆ ಒಣಹಾಕಿದ ಪಂಚೆಯನ್ನು ಗಮನಿಸಿ: ತೊಟ್ಟಿಕ್ಕುವುದು ನಿಂತ ಮೇಲೂ ಕೆಳಗಿನ ಅಂಚು ತೊಯ್ದೇ ಇರುತ್ತದೆ. ಹಾಗೆಯೇ ಸಣ್ಣ ಮರಳಿನಲ್ಲಿ ಇಳಿದ ನೀರು ದಪ್ಪ ಜಲ್ಲಿಯ ಗಡಿಯಲ್ಲಿ ನಿಂತು ಯೋಚಿಸುತ್ತದೆ. ಮೇಲೆ ಸಾಕಷ್ಟು ನೀರು ಕೂಡಿದರೆ ಮಾತ್ರ ಕೆಳಗೆ ಜಾರುತ್ತದೆ. ಇಲ್ಲದಿದ್ದರೆ ಬೇರಿಗೆ ಸಿಗುವಂತೆ ಅಲ್ಲೇ ಉಳಿಯುತ್ತದೆ. ಒಂದೇ ಏರ್ಪಾಟಿನಲ್ಲಿ ಮಳೆಗೆ ಬಸಿತ, ಬೇಸಿಗೆಗೆ ತೇವ.

ಹತ್ತಾರು ಮೀಟರ್ ಆಳದ ಮರಳುದಿಣ್ಣೆಯಲ್ಲಿ ಈ ಖರ್ಚಿನ ಬಹುಪಾಲು ಉಳಿಯುತ್ತದೆ. ಅಲ್ಲಿ ಗ್ರೀನ್ ಎಂದರೆ ಇದ್ದ ಮರಳನ್ನೇ ಹಲ್ಲುಗೋಲಿನಿಂದ ಎಳೆದು, ಚಪ್ಪಟೆಗೊಳಿಸಿ, ಬಿತ್ತಿದ ಜಾಗ. ಹೊಸ ಮೈದಾನದ ಗ್ರೀನ್ ಕೃತಕವಾಗಿ ಎತ್ತಿ ಕಟ್ಟಿದ ಜಗಲಿಯಂತೆ ಕಂಡರೆ ಅನುಮಾನಪಡಿ. ಒಳ್ಳೆಯ ದಿಣ್ಣೆ ಮೈದಾನದಲ್ಲಿ ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಎಲ್ಲಿ ಮುಗಿದು ಗ್ರೀನ್ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಮರಳನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಲೀಟರ್ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮರಳು ತುಂಬಿ, ನೀರು ಹಾಕಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಗೋಡು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಜೇಡಿ ಮರುದಿನವೂ ನೀರನ್ನು ರಾಡಿಯಾಗಿಯೇ ಇಟ್ಟಿರುತ್ತದೆ. ಗಾಳಿ ತೂರಿದ ಶುದ್ಧ ದಿಣ್ಣೆಮರಳಾದರೆ ಕೆಲವೇ ನಿಮಿಷದಲ್ಲಿ ನೀರು ತಿಳಿಯಾಗುತ್ತದೆ. ಈಗ ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ತೊಳೆದದ್ದಲ್ಲದಿದ್ದರೆ ಇದೇ ಪರೀಕ್ಷೆಯಲ್ಲಿ ಬಿಳಿ ಗಂಜಿಯಾಗುತ್ತದೆ; ಆ ಕಲ್ಲುಪುಡಿ ಗ್ರೀನ್‌ನೊಳಗೆ ಹೋದರೆ ಸಿಮೆಂಟಿನಂತೆ ಕಚ್ಚುತ್ತದೆ.

ಗಾಳಿ ಜರಡಿ ಹಿಡಿದ ನೆಲ

ತಲಕಾಡಿನ ದಿಣ್ಣೆಗಳ ಹಿಂದೆ ಅಲಮೇಲಮ್ಮನ ಶಾಪವಿದೆ ಎಂದು ನಾಡೆಲ್ಲ ಹೇಳುತ್ತದೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ. ಭೂವಿಜ್ಞಾನಿಗಳು ಹೇಳುವುದು ಹೊಳೆಯ ತಿರುವಿನ ಕಥೆ. ಕಾವೇರಿ ಇಲ್ಲಿ ಬಾಗಿ ಹರಿಯುತ್ತದೆ. ಬಾಗಿನ ಒಳಮಗ್ಗುಲಲ್ಲಿ ನೀರು ನಿಧಾನವಾಗಿ ಮರಳು ಬಿಡುತ್ತದೆ. ವಿಜಯನಗರದ ಕಾಲದಲ್ಲಿ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆ ಬಂದ ಮೇಲೆ ಹೊಳೆಯ ಪಾತ್ರ ಇನ್ನಷ್ಟು ಬತ್ತಿ ಮರಳು ಬಯಲಾಯಿತು. ಆಷಾಢದ ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು.

ಈ ಕೆಲಸಕ್ಕೆ ಬಿರುಗಾಳಿ ಬೇಕಾಗಿಲ್ಲ. ಗಂಟೆಗೆ ಸುಮಾರು 20 ಕಿ.ಮೀ. ವೇಗ ದಾಟಿದರೆ ಒಣ ಮರಳಿನ ಕಾಳು ಎದ್ದು, ಕುಪ್ಪಳಿಸಿ, ಬಿದ್ದ ಜಾಗದಲ್ಲಿ ಇನ್ನೊಂದೆರಡು ಕಾಳನ್ನು ಎಬ್ಬಿಸುತ್ತದೆ. ಹೆಚ್ಚಿನ ಕಾಳುಗಳು ಮೊಣಕಾಲಿನ ಮಟ್ಟವನ್ನೂ ದಾಟುವುದಿಲ್ಲ. ದೂಳು ಹಗುರ, ಹಾರಿಹೋಗುತ್ತದೆ. ದಪ್ಪ ಹರಳು ಭಾರ, ಹಿಂದೆ ಉಳಿಯುತ್ತದೆ. ನಡುವಿನ ಗಾತ್ರದ್ದು ಮಾತ್ರ ದಿಣ್ಣೆಯಾಗುತ್ತದೆ. ಮೊರದಲ್ಲಿ ರಾಗಿ ತೂರಿದಂತೆಯೇ. ದಿಣ್ಣೆಮರಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಗಾತ್ರವಾಗಿರುವುದು, ಬಸಿತ ಅಷ್ಟು ಚೆನ್ನಾಗಿರುವುದು ಈ ತೂರುವಿಕೆಯಿಂದ. ಗಾಳಿ ಬರುವ ಮಗ್ಗುಲು 10–15 ಡಿಗ್ರಿಯಷ್ಟು ಸೌಮ್ಯವಾದ ಏರು, ಮರೆಯ ಮಗ್ಗುಲು 32–34 ಡಿಗ್ರಿಯ ಕಡಿದಾದ ಜಾರು. ಒಣ ಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು.

ಮೈದಾನ ವಿನ್ಯಾಸ ಮಾಡುವವರು ಈ ಎರಡು ಇಳಿಜಾರುಗಳ ಲೆಕ್ಕದಲ್ಲೇ ಹೋಲ್‌ಗಳನ್ನು, ಅಂದರೆ ಮೊದಲ ಹೊಡೆತದಿಂದ ಕುಳಿಯವರೆಗಿನ ಆಟದ ತುಂಡುಗಳನ್ನು, ಹುಡುಕುತ್ತಾರೆ. ಕೆಲಸದ ಕ್ರಮ ಹೊರಗಿನವರು ಎಣಿಸಿದಂತಿರುವುದಿಲ್ಲ: ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯಿಂದ ಶುರುಮಾಡುವುದಿಲ್ಲ. ಮೊದಲು ಗ್ರೀನ್ ಆಗಬಲ್ಲ ಸಹಜ ತಾವುಗಳನ್ನು ಗುರುತಿಸುತ್ತಾರೆ – ತುಸು ತಗ್ಗಿದ ಬಟ್ಟಲು, ದಿಣ್ಣೆಯ ಹೆಗಲಿನ ಮೇಲಿನ ಮಟ್ಟಸ ಜಾಗ, ಎರಡು ದಿಣ್ಣೆಯ ನಡುವಿನ ಕೊರಳು. ಅಲ್ಲಿಂದ ಹಿಂದಕ್ಕೆ ನಡೆದು ಫೇರ್‌ವೇ, ಕೊನೆಗೆ ಟೀ. ಆಮೇಲೆ ಒಂದು ಗ್ರೀನ್‌ನಿಂದ ಮುಂದಿನ ಟೀಗೆ ನೂರು ಹೆಜ್ಜೆಯೊಳಗೆ ತಲುಪುವಂತೆ ಹೋಲ್‌ಗಳನ್ನು ಪೋಣಿಸಬೇಕು. ಸ್ಯಾಂಡ್ ಹಿಲ್ಸ್‌ನಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ 130ಕ್ಕೂ ಹೆಚ್ಚು ಹೋಲ್‌ಗಳನ್ನು ನೆಲದಲ್ಲಿ ಗುರುತಿಸಿ 18ನ್ನು ಉಳಿಸಿಕೊಂಡರು. ಬುಲ್ಡೋಜರಿಗೆ ಹೆಚ್ಚು ಕೆಲಸವಿರಲಿಲ್ಲ. ಚಪ್ಪಲಿ ಸವೆದದ್ದೇ ಹೆಚ್ಚು.

ನೆಲವನ್ನು ಮುಟ್ಟದೆ ಬಿಟ್ಟರೆ ಒಂದು ತೊಡಕು ತಪ್ಪದು: ಗುರಿ ಕಾಣದ ಹೊಡೆತ. 1892ರಲ್ಲಿ ಶುರುವಾದ ಐರ್ಲೆಂಡಿನ ಲಹಿಂಚ್ ಮೈದಾನದಲ್ಲಿ ಡೆಲ್ ಎಂಬ ಹೋಲ್‌ನ ಗ್ರೀನ್ ದಿಣ್ಣೆಗಳ ಹಿಂದೆ ಪೂರ್ತಿ ಮರೆಯಾಗಿದೆ. ಮುಂದಿನ ದಿಣ್ಣೆಯ ಮೇಲೆ ಒಂದು ಬಿಳಿ ಕಲ್ಲಿಟ್ಟಿರುತ್ತಾರೆ; ಬಾವುಟದ ಜಾಗ ಬದಲಾದ ಹಾಗೆ ಕಲ್ಲೂ ಜಾಗ ಬದಲಿಸುತ್ತದೆ. (ಅದೇ ಮೈದಾನದಲ್ಲಿ ಹವಾಮಾನ ವರದಿ ಕೊಡುವುದು ಆಡುಗಳು. ಅವು ಕ್ಲಬ್ ಕಟ್ಟಡದ ಹತ್ತಿರ ಬಂದು ನಿಂತರೆ ಮಳೆ ಖಚಿತವೆಂದು ನಂಬಿಕೆ.) ಹೊಸ ಮೈದಾನದಲ್ಲಿ ಇಂಥ ಒಂದೆರಡು ಹೊಡೆತ ಸಿಕ್ಕರೆ ಅದು ತಪ್ಪಲ್ಲ, ಐದಾರು ಸಿಕ್ಕರೆ ಹೋಲ್‌ಗಳನ್ನು ಸರಿಯಾಗಿ ಪೋಣಿಸಿಲ್ಲ ಎಂದರ್ಥ.

ಗಣೇಶನ ಗರಿಕೆ, ಸ್ಕಾಟ್ಲೆಂಡಿನ ಫೆಸ್ಕ್ಯೂ

ಮೈಸೂರು ಸೀಮೆಯಲ್ಲಿ ಗಾಲ್ಫ್ ಆಡುವುದು ಗಣಪತಿಗೆ ಏರಿಸುವ ಗರಿಕೆಯ ಮೇಲೆಯೇ. ಇಂಗ್ಲಿಷಿನಲ್ಲಿ ಬರ್ಮುಡಾ ಎಂದು ಕರೆಯುವ ಹುಲ್ಲು ನಮ್ಮ ಗರಿಕೆ. ಗ್ರೀನ್‌ಗಳಿಗೆ ಬಳಸುವ ಸಣ್ಣೆಲೆಯ ತಳಿಗಳು ಗರಿಕೆಗೂ ಆಫ್ರಿಕಾದ ಅದರ ದಾಯಾದಿಗೂ ಹುಟ್ಟಿದ ಮಿಶ್ರತಳಿಗಳು. ಅದು ಬಿಸಿಲಿನ ಹುಲ್ಲು. ನೆಲದ ಮೇಲೂ ಒಳಗೂ ಕುಡಿ ಹಬ್ಬಿಸಿ ಗಾಯವನ್ನು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ, ನೆರಳು ಕಂಡರೆ ಮಾತ್ರ ಸೊರಗುತ್ತದೆ. ಚೆನ್ನಾಗಿ ಗೊಬ್ಬರ ನೀರು ಕೊಟ್ಟರೆ ಚಾಪೆಯಂತೆ ದಪ್ಪಗಟ್ಟಿ ಚೆಂಡನ್ನು ಹಿಡಿದುಕೊಳ್ಳುತ್ತದೆ.

ತಂಪು ನಾಡಿನ ದಿಣ್ಣೆ ಮೈದಾನಗಳ ಹುಲ್ಲು ಫೆಸ್ಕ್ಯೂ. ಸೂಜಿಯಂಥ ಎಲೆ, ಹಸಿರಿಗಿಂತ ಕಂದು ಹೆಚ್ಚು, ನೀರೂ ಗೊಬ್ಬರವೂ ಕಡಿಮೆ ಸಾಕು. ಚೆಂಡು ಅದರ ಮೇಲೆ ಜಾರುತ್ತದೆ. ಹೀಗಾಗಿ ನಮ್ಮವರು ಮೊದಲ ಸಲ ನೋಡಿದಾಗ "ಹುಲ್ಲು ಒಣಗಿಹೋಗಿದೆಯಲ್ಲ" ಎನ್ನುವುದುಂಟು. ಒಣಗಿಲ್ಲ, ಅದರ ಹದವೇ ಅದು. ಅಚ್ಚ ಹಸಿರಾಗಿ ಮೆತ್ತಗಿದ್ದರೆ ಚಿಂತಿಸಬೇಕು: ನೀರು ಹೆಚ್ಚಾಗಿದೆ, ಮುಂದೆ ಬೇರೆ ಹುಲ್ಲು ನುಗ್ಗುತ್ತದೆ.

ಹೊಸ ಮೈದಾನದ ಹುಲ್ಲಿನ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೀರ್ಪು ಕೊಡಬಾರದು. ಗರಿಕೆಯ ತುಂಡುಗಳನ್ನು ನೆಟ್ಟರೆ ಬಿಸಿಲುಕಾಲದಲ್ಲಿ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಬಿತ್ತಿದ ಫೆಸ್ಕ್ಯೂಗೆ ವರ್ಷ, ಒಂದೂವರೆ ವರ್ಷ ಬೇಕು. ಎಳೆಯ ಗ್ರೀನ್‌ನಲ್ಲಿ ಸತ್ತ ಎಲೆ, ಬೇರುಗಳ ಮೆತ್ತೆ ಇನ್ನೂ ಕಟ್ಟಿರುವುದಿಲ್ಲ. ಅದಕ್ಕೇ ಚೆಂಡು ಟಾರು ರಸ್ತೆಗೆ ಬಿದ್ದಂತೆ ಪುಟಿಯುತ್ತದೆ. ಮೊದಲ ವರ್ಷ ಆಡಿದವರು "ಗ್ರೀನ್ ಚೆಂಡನ್ನು ಹಿಡಿಯುವುದೇ ಇಲ್ಲ" ಎಂದರೆ ನಿಜವಿರುತ್ತದೆ, ಆದರೆ ಮೂರನೇ ವರ್ಷಕ್ಕೆ ಆ ದೂರು ತಾನಾಗಿ ಹೋಗುತ್ತದೆ. ಗ್ರೀನ್‌ನ ಇಳಿಜಾರುಗಳು ತೀರಾ ಕಡಿದಾಗಿವೆ ಎಂಬ ದೂರು ಹೋಗುವುದಿಲ್ಲ, ಅದು ವಿನ್ಯಾಸದ್ದು.

ಆಟವಿಲ್ಲದ ದಿಣ್ಣೆಯ ಮೈಗೆ ಬೇರೆಯೇ ಹುಲ್ಲು. ಯುರೋಪಿನಲ್ಲಿ ಮ್ಯಾರಮ್, ನಮ್ಮ ಕರಾವಳಿಯಲ್ಲಿ ರಾವಣನ ಮೀಸೆ. ಮ್ಯಾರಮ್‌ಗೆ ಒಂದು ವಿಚಿತ್ರ ಗುಣ: ಮರಳು ಹೂಳಿದಷ್ಟೂ ಅದು ಹುರುಪಿನಿಂದ ಮೇಲೇಳುತ್ತದೆ. ತಲಕಾಡಿನಲ್ಲಿ ಮರಳನ್ನು ಹಿಡಿದು ನಿಲ್ಲಿಸಲು ನೆಟ್ಟದ್ದು ನೀಲಗಿರಿ ಮತ್ತು ಸರ್ವೆ ಮರ. ದಿಣ್ಣೆ ನಿಂತಿತು, ಆದರೆ ನೆರಳು ಬಂತು, ಗಾಳಿಯ ಆಟ ನಿಂತಿತು. ಗಾಲ್ಫಿನವರು ಮರ ನೆಟ್ಟು ದಿಣ್ಣೆ ಕಟ್ಟದೆ ಹುಲ್ಲು ನೆಡುವುದು ಇದಕ್ಕೇ.

ಕೆಡುವುದು ಎಲ್ಲಿ, ಹೇಗೆ

ಮರಳಿನ ದೊಡ್ಡ ಶತ್ರು ಮರಳೇ. ಬಸಿತ ಚೆನ್ನಾಗಿದೆ ಎಂದರೆ ಗೊಬ್ಬರವೂ ಬಸಿದುಹೋಗುತ್ತದೆ ಎಂದು. ಗದ್ದೆಗೆ ಹಾಕುವಂತೆ ಒಂದೇ ಸಲ ಯೂರಿಯಾ ಸುರಿದರೆ ಮುಂದಿನ ಮಳೆಗೆ ಅಂತರ್ಜಲದಲ್ಲಿರುತ್ತದೆ. ಅದಕ್ಕೆ ಗ್ರೀನ್‌ಗೆ ಚಮಚೆಯಲ್ಲಿ ಉಣ್ಣಿಸಿದಂತೆ ಕೊಡುತ್ತಾರೆ: ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಚದರ ಮೀಟರಿಗೆ ಅರ್ಧ ಗ್ರಾಂ ಸಾರಜನಕ, ಅಂದರೆ 1.1 ಗ್ರಾಂನಷ್ಟು ಯೂರಿಯಾ, ನೀರಿನಲ್ಲಿ ಕರಗಿಸಿ.

ಅದಕ್ಕಿಂತ ಗೋಜಲಿನದು ಒಣಮಚ್ಚೆ. ಮರಳಿನ ಮೇಲ್ಪದರದಲ್ಲಿ ಹುಲ್ಲಿನ ಕೊಳೆತ, ಶಿಲೀಂಧ್ರ ಸೇರಿ ಕಾಳುಗಳಿಗೆ ಮೇಣದಂಥ ಲೇಪ ಕೊಡುತ್ತವೆ. ಒಮ್ಮೆ ಪೂರ್ತಿ ಒಣಗಿತೆಂದರೆ ಆ ಜಾಗ ಕೆಸುವಿನ ಎಲೆಯಂತೆ ನೀರನ್ನು ಒಲ್ಲೆ ಎನ್ನುತ್ತದೆ. ಸ್ಪ್ರಿಂಕ್ಲರ್ ಎಷ್ಟೇ ತಿರುಗಿದರೂ ನೀರು ಪಕ್ಕದ ತಗ್ಗಿಗೆ ಹರಿದು ಅಲ್ಲಿ ಕೊಳೆ, ಇಲ್ಲಿ ಬರ. ದಿಣ್ಣೆಯ ನೆತ್ತಿಗಳಲ್ಲಿ ಇದು ಮೊದಲು ಕಾಣುತ್ತದೆ. ಪತ್ತೆ ಸುಲಭ: ಬೆರಳುದ್ದದ ಮಣ್ಣಿನ ತುಂಡನ್ನು ತೆಗೆದು, ನೆರಳಲ್ಲಿ ಒಣಗಿಸಿ, ಸೆಂಟಿಮೀಟರಿಗೊಂದರಂತೆ ಹನಿ ಬಿಡಿ. ಐದು ಸೆಕೆಂಡಿನಲ್ಲಿ ಹನಿ ಇಂಗದಿದ್ದರೆ ಆ ಮಟ್ಟದ ಮರಳು ನೀರನ್ನು ತಳ್ಳುತ್ತಿದೆ. ಸಾಮಾನ್ಯವಾಗಿ ಮೇಲಿನ 5 ಸೆಂ.ಮೀ.ನಲ್ಲೇ ರೋಗ. ಮೊಳೆಯುರುಳೆಯಿಂದ ತೂತು ಮಾಡಿ, ಒದ್ದೆ ಮಾಡುವ ರಾಸಾಯನಿಕ ಬೆರೆಸಿದ ನೀರನ್ನು ಕೈಕೊಳವೆಯಲ್ಲಿ ಆ ಮಚ್ಚೆಗಷ್ಟೇ ಕುಡಿಸಬೇಕು. ಇಡೀ ಗ್ರೀನ್‌ಗೆ ನೀರು ಬಿಡುವುದು ಸೋಮಾರಿತನ, ಹಾನಿಯೂ ಹೌದು.

ಗ್ರೀನ್ ಮೇಲೆ ಆಗಾಗ ಉದುರಿಸುವ ಮರಳಿನ ವಿಷಯದಲ್ಲಿ ಜಿಪುಣತನ ಮಾಡಿ ಕೆಟ್ಟ ಮೈದಾನಗಳು ಬಹಳ. ಗ್ರೀನ್ ಕಟ್ಟಿದ ಮರಳಿಗಿಂತ ಸಣ್ಣದನ್ನು ಮೇಲೆ ಹಾಕುತ್ತ ಹೋದರೆ ಪಂಚೆಯ ಅಂಚಿನಲ್ಲಿ ನೀರು ನಿಂತ ಕಥೆ ತಪ್ಪಾದ ಜಾಗದಲ್ಲಿ, ಮೇಲ್ಮೈಯಿಂದ ಬೆರಳೆರಡು ಅಂತರದಲ್ಲೇ, ಮರುಕಳಿಸುತ್ತದೆ. ಬೇರು ಅಲ್ಲಿಂದ ಕೆಳಗಿಳಿಯುವುದಿಲ್ಲ.

ಆಟಕ್ಕೆ ತೊಡಕಾಗುವ ಮರಳುಗುಂಡಿಗಳಾದ ಬಂಕರ್‌ಗಳು ಮೂಲತಃ ಕುರಿಗಳು ಗಾಳಿಗೆ ಮರೆಯಾಗಿ ಮಲಗಿ ಸವೆಸಿದ ಗುಂಡಿಗಳು ಎನ್ನುತ್ತಾರೆ. ದಿಣ್ಣೆಮರಳು ದುಂಡುಕಾಳಿನದಾದ್ದರಿಂದ ಸಡಿಲವಾಗಿದ್ದಾಗ ಚೆಂಡು ಅರ್ಧ ಹೂತು, ಹುರಿದ ಮೊಟ್ಟೆಯ ಹಳದಿಯಂತೆ ಕೂರುತ್ತದೆ. ಕೋನಕೋನದ ಕಾಳುಗಳಾದರೆ ಒಂದನ್ನೊಂದು ಹಿಡಿದುಕೊಂಡು ಚೆಂಡನ್ನು ಮೇಲೆ ಹೊರುತ್ತವೆ. ಅಂಚನ್ನು ಹುಲ್ಲುಮಣ್ಣಿನ ಹೆಂಟೆಗಳನ್ನು ಪದರಪದರವಾಗಿ ಪೇರಿಸಿ ಗೋಡೆಯಂತೆ ಕಟ್ಟಿದ್ದರೆ ನೋಡಲು ಚೆಂದ, ಆದರೆ ಕೆಲವೇ ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು. ಕಟ್ಟದೆ ಬಿಟ್ಟ ಹರಕುಅಂಚಿನ ಬಂಕರ್ ಸಹಜವಾಗಿ ಕಾಣುತ್ತದೆ, ಆದರೆ ಗಾಳಿಗೆ ಪ್ರತಿ ವರ್ಷ ಒಂದಿಷ್ಟು ನಡೆಯುತ್ತದೆ. ಜನ ಒಂದೇ ಕಡೆ ಹತ್ತಿಳಿದು ಹುಲ್ಲು ಹರಿದರೆ ಸಾಕು, ಆ ಬಾಯಿಯಿಂದ ಗಾಳಿ ನುಗ್ಗಿ ಬಟ್ಟಲು ಕೊರೆಯುತ್ತದೆ, ಅಗೆದ ಮರಳನ್ನು ಪಕ್ಕದ ಗ್ರೀನ್ ಮೇಲೆ ಹರಡುತ್ತದೆ. ಹಾರುವ ಕಾಳು ಎಳೆ ಹುಲ್ಲನ್ನು ಉಪ್ಪುಕಾಗದ ಉಜ್ಜಿದಂತೆ ಉಜ್ಜುತ್ತದೆ. ಬಿತ್ತಿದ ಕೂಡಲೇ ಹುಲ್ಲುಹೊದಿಕೆ ಹಾಸಿ, ಗಾಳಿಗಡ್ಡವಾಗಿ ತಡಿಕೆ ನಿಲ್ಲಿಸುವುದು ಇದೇ ಕಾರಣಕ್ಕೆ.

ಗಾಳಿಯ ಲೆಕ್ಕ

ಹೊಸ ದಿಣ್ಣೆ ಮೈದಾನಗಳ ಫೇರ್‌ವೇ ಐವತ್ತು, ಅರವತ್ತು ಮೀಟರ್ ಅಗಲವಿರುವುದು ಕಂಡು "ಇದು ಸುಲಭ" ಎನಿಸಬಹುದು. ಗಾಳಿ ಎದ್ದ ದಿನ ಅದೇ ಅಗಲ ಸಾಲದಾಗುತ್ತದೆ. ಅಲ್ಲದೆ ಅಗಲವಿದ್ದಾಗ ಪ್ರಶ್ನೆ ಬೇರೆಯಾಗುತ್ತದೆ: ಚೆಂಡು ಹುಲ್ಲಿನ ಮೇಲೆ ಉಳಿಯಿತೇ ಎಂಬುದಲ್ಲ, ಗ್ರೀನ್‌ಗೆ ದಾರಿ ತೆರೆಯುವ ಮಗ್ಗುಲಲ್ಲಿ ಉಳಿಯಿತೇ ಎಂಬುದು. ಎತ್ತರಕ್ಕೆ ಹೊಡೆದು ನಿಲ್ಲಿಸುವ ಅಭ್ಯಾಸವಿದ್ದವರು ಇಲ್ಲಿ ಗ್ರೀನ್‌ಗೆ ಇಪ್ಪತ್ತು ಮೀಟರ್ ಮೊದಲೇ ಚೆಂಡು ಇಳಿಸಿ ಉರುಳಿಸುವುದನ್ನು ಕಲಿಯಬೇಕು. ಗ್ರೀನ್‌ನ ಹೊರಗಿಂದಲೂ ಪಟ್ಟರ್ (ಚೆಂಡನ್ನು ಉರುಳಿಸುವ ಕೋಲು) ಹಿಡಿಯಲು ನಾಚಿಕೆ ಬೇಡ.

ಹೋಲ್‌ಗಳು ಯಾವ ದಿಕ್ಕಿಗೆ ಮುಖಮಾಡಿವೆ ಎಂಬುದನ್ನು ನಕ್ಷೆಯಲ್ಲಿ ನೋಡಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಂತೆ ಹೋಗಿ ಬರುವ ಹಾದಿಯಾದರೆ ಅರ್ಧ ಆಟ ಎದುರುಗಾಳಿ, ಅರ್ಧ ಬೆನ್ನ ಹಿಂದಿನ ಗಾಳಿ. ಅದೇ ನಾಡಿನ ಮ್ಯೂರ್‌ಫೀಲ್ಡ್‌ನಲ್ಲಿ ಮೊದಲ ಒಂಬತ್ತು ಹೋಲ್ ಗಡಿಯಾರದ ದಿಕ್ಕಿಗೆ, ಉಳಿದ ಒಂಬತ್ತು ಅದರ ಒಳಗೆ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ಗಾಳಿ ಕೆಲವೇ ಹೋಲ್‌ಗಳಿಗೊಮ್ಮೆ ಬೇರೆ ಕಡೆಯಿಂದ ಬರುತ್ತದೆ. ಎರಡನೆಯದು ಜಾಣ ವಿನ್ಯಾಸ.

ಗ್ರೀನ್ ಮೇಲೆ ಚೆಂಡು ವೇಗವಾಗಿ ಉರುಳುವುದಿಲ್ಲ ಎಂದು ದೂರುವ ಮುನ್ನ 2015ರ ಬ್ರಿಟಿಷ್ ಓಪನ್ ಪಂದ್ಯಾವಳಿ ನೆನಪಿಸಿಕೊಳ್ಳಿ. ಸೇಂಟ್ ಆಂಡ್ರೂಸ್‌ನಲ್ಲಿ ಶನಿವಾರ ಬೀಸಿದ ಗಾಳಿಗೆ ನಿಂತ ಚೆಂಡುಗಳು ಗ್ರೀನ್ ಮೇಲೆ ತಾವಾಗಿ ಸರಿದವು. ಆಟ ಹತ್ತು ಗಂಟೆಗೂ ಹೆಚ್ಚು ನಿಂತು, ಪಂದ್ಯ ಸೋಮವಾರಕ್ಕೆ ಮುಗಿಯಿತು. ಗಾಳಿ ಸೀಮೆಯಲ್ಲಿ ಹುಲ್ಲನ್ನು 3 ಮಿ.ಮೀ.ಗೆ ಬೋಳಿಸದೆ 4–5 ಮಿ.ಮೀ. ಬಿಡುವುದು ವಿವೇಕ.

ಇಲ್ಲೇಕೆ ಒಂದು ಕಟ್ಟಬಾರದು?

ತಲಕಾಡಿನ ಮರಳು ನೋಡಿದ ಗಾಲ್ಫ್ ಪ್ರಿಯರಿಗೆ ಈ ಯೋಚನೆ ಬಂದೇ ಬರುತ್ತದೆ. ಬೇಡ ಎನ್ನಲು ಮೊದಲ ಕಾರಣ ಅಡಿಯಲ್ಲೇ ಇದೆ: ಅಲ್ಲಿ ಬಸಿಕೊಳವೆಗೆ ಅಗೆದರೆ ಗಂಗರ ಕಾಲದ ಇಟ್ಟಿಗೆ ಸಿಗಬಹುದು, ಗುಡಿಯ ಶಿಖರವೇ ಸಿಗಬಹುದು. ಎರಡನೆಯದು ನೀರು. ಒಂದು ಹೆಕ್ಟೇರಿಗೆ ಒಂದು ಮಿ.ಮೀ. ನೀರೆಂದರೆ 10,000 ಲೀಟರ್. 25 ಹೆಕ್ಟೇರ್ ಹುಲ್ಲು ಬೇಸಿಗೆಯಲ್ಲಿ ದಿನಕ್ಕೆ 4 ಮಿ.ಮೀ. ಕುಡಿದರೆ 10 ಲಕ್ಷ ಲೀಟರ್ – 5,000 ಲೀಟರಿನ ಟ್ಯಾಂಕರ್ 200 ಸಲ ಬರಬೇಕು. ಕನ್ನಂಬಾಡಿಯ ಮಟ್ಟ ದಿನಾ ಪತ್ರಿಕೆಯಲ್ಲಿ ಓದುವ ಸೀಮೆಯಲ್ಲಿ ಈ ಲೆಕ್ಕ ಯಾರಿಗೂ ಒಪ್ಪಿಗೆಯಾಗದು.

ಮೂರನೆಯ ಕಾರಣ ಸ್ಕಾಟ್ಲೆಂಡಿನಿಂದ. ಅಬರ್ಡೀನ್ ಬಳಿಯ ಫೊವೆರನ್ ದಿಣ್ಣೆಗಳು ನಡೆದಾಡುವ ಮರಳಿಗೆಂದೇ ಸಂರಕ್ಷಿತವಾಗಿದ್ದವು. ಅಲ್ಲಿ 2012ರಲ್ಲಿ ಮೈದಾನ ತೆರೆಯಿತು; ಆಟಕ್ಕಾಗಿ ಹುಲ್ಲು ನೆಟ್ಟು ಮರಳನ್ನು ನಿಲ್ಲಿಸಿದರು. ನಡೆಯದ ಮೇಲೆ ಅದು ಆ ದಿಣ್ಣೆಯಲ್ಲ ಎಂದು 2020ರಲ್ಲಿ ಮೈದಾನದ ಭಾಗವನ್ನು ಸಂರಕ್ಷಿತ ಪಟ್ಟಿಯಿಂದಲೇ ಕೈಬಿಟ್ಟರು. ಅದೇ ವರ್ಷ ಉತ್ತರದ ಕೌಲ್ ಲಿಂಕ್ಸ್‌ನಲ್ಲಿ ಇನ್ನೊಂದು ಮೈದಾನ ಕಟ್ಟುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ ತಿರಸ್ಕರಿಸಿತು.

ಹಾಗಾಗಿ ತಲಕಾಡಿಗೆ ಹೋಗುವವರು ಗಾಲ್ಫ್ ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಲಿ. ಮುಂದೊಂದು ದಿನ ಬ್ಯಾಂಡನ್‌ಗೋ ಟಾಸ್ಮೇನಿಯಾಗೋ ಹೋಗುವ ಯೋಚನೆಯಿದ್ದರೆ ಆಷಾಢದ ಒಂದು ಮಧ್ಯಾಹ್ನ ಇಲ್ಲಿ ಬರಿಗಾಲಲ್ಲಿ ನಡೆದು, ಗಾಳಿಯ ಮಗ್ಗುಲು ಯಾವುದು ಮರೆಯ ಮಗ್ಗುಲು ಯಾವುದು, ಮರಳು ಎಲ್ಲಿ ಕಾಲು ಹಿಡಿಯುತ್ತದೆ ಎಲ್ಲಿ ಬಿಡುತ್ತದೆ ಎಂದು ಹಿಮ್ಮಡಿಗೆ ಅಭ್ಯಾಸ ಮಾಡಿಸಿಕೊಳ್ಳಬಹುದು. ಬಿಸಿಲೇರುವ ಮುಂಚೆ ಹೋಗಬೇಡಿ, ಗಾಳಿ ಎದ್ದಿರುವುದಿಲ್ಲ.